ಆಯ್ಕೆ ಪಂದ್ಯಕ್ಕೆ ಮುನ್ನ ಮಗಳಿಗೊಂದು ಪತ್ರ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳುಹಿಸಿದ ಎಂಆರ್‌ಐ ವರದಿಯನ್ನೂ ಅದರ ಕೆಳಗೆ ನೀನು ಬರೆದ ನಾಲ್ಕು ಸಾಲನ್ನೂ ಓದಿದೆ. ಮೂಳೆ ಮುರಿದಿಲ್ಲ, ಒಳಗೆ ಊತ ಮಾತ್ರ ಇದೆ, ಆದ್ದರಿಂದ ಆಯ್ಕೆ ಪಂದ್ಯ ಮುಗಿಯುವವರೆಗೆ ಮಾತ್ರೆ ನುಂಗಿಕೊಂಡು ಬೌಲಿಂಗ್ ಮಾಡಿ, ಆಮೇಲೆ ಬೇಕಾದಷ್ಟು ವಿಶ್ರಾಂತಿ ತೆಗೆದುಕೊಳ್ಳುತ್ತೇನೆ ಎಂದಿದ್ದೀಯೆ. ಈ ವಿಷಯವನ್ನು ಫೋನಿನಲ್ಲಿ ಎತ್ತಿದರೆ ಇಬ್ಬರ ದನಿಯೂ ಏರುತ್ತದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ನೀನು ಈ ಸಲ ಬೌಲಿಂಗ್ ಮಾಡಬಾರದೆಂಬುದೇ ನನ್ನ ಅಭಿಪ್ರಾಯ. ಮೂವತ್ತು ಮಕ್ಕಳೆದುರು ನಿಂತು ವಿಜ್ಞಾನ ಪಾಠ ಮಾಡುವವಳಾದ್ದರಿಂದ ಕಾರಣ ಹೇಳದೆ ಬಿಡಲಾರೆ, ಸಹಿಸಿಕೋ.

ವರದಿಯಲ್ಲಿ ಹೇಳಿರುವ ಜಾಗ ಸೊಂಟದ ಐದನೆಯ ಕಶೇರು, ಅಂದರೆ ಬೆನ್ನೆಲುಬಿನ ಮಣಿ, ಅದರ ಹಿಂಬದಿಯ ಕಮಾನಿನಲ್ಲಿರುವ ‘ಪಾರ್ಸ್’ ಎಂಬ ಕಿರಿದಾದ ಎಲುಬು. ನೀನು ಬಲಗೈ ವೇಗದ ಬೌಲರ್, ಊತ ಇರುವುದು ಎಡಗಡೆ. ಇದು ವೈದ್ಯರು ನಿರೀಕ್ಷಿಸುವ ಜಾಗವೇ. ಚೆಂಡು ಕೈಬಿಡುವ ಮುನ್ನ ನಿನ್ನ ಎಡಗಾಲು ನೆಲಕ್ಕೆ ಅಪ್ಪಳಿಸಿದಾಗ ದೇಹದ ತೂಕದ ಹಲವು ಪಟ್ಟು ಭಾರ ಆ ಕಾಲಿನ ಮೂಲಕ ಮೇಲೇರುತ್ತದೆ. ಅದೇ ಕ್ಷಣದಲ್ಲಿ ನಿನ್ನ ಮುಂಡ ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಚಿಕೊಳ್ಳುತ್ತಿರುವುದರಿಂದ ಅಷ್ಟೂ ಒತ್ತಡ ಬಂದು ಕೂರುವುದು ಆ ಸಣ್ಣ ಎಲುಬಿನ ಮೇಲೆ. ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಆಗುವ ದಣಿವೇ ಅಲ್ಲಿಯೂ ಆಗುತ್ತದೆ. ಆದರೆ ಎಲುಬಿಗೆ ಜೀವವಿದೆ, ಬಿಡುವು ಕೊಟ್ಟರೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ದಣಿವು ರಿಪೇರಿಗಿಂತ ವೇಗವಾಗಿ ಸಾಗಿದಾಗ ಮೊದಲು ಊತ, ನಂತರ ಕೂದಲೆಳೆಯಂಥ ಬಿರುಕು, ಕೊನೆಗೆ ಎರಡು ತುಂಡು. ನೀನೀಗ ಮೊದಲ ಮೆಟ್ಟಿಲಲ್ಲಿದ್ದೀಯೆ. ‘ಊತ ಮಾತ್ರ’ ಎಂಬುದನ್ನು ಆಡಲು ಸಿಕ್ಕ ಪರವಾನಗಿಯೆಂದು ನೀನು ಓದಿಕೊಂಡೆ. ಈ ಹಂತದಲ್ಲಿ ನಿಲ್ಲಿಸಿದವರ ಎಲುಬು ಪೂರ್ತಿ ಕೂಡಿಕೊಳ್ಳುವ ಸಂಭವ ಹೆಚ್ಚು, ಬಿರುಕು ಹಳತಾದ ಮೇಲೆ ಅದು ಕೂಡುವುದು ಕಷ್ಟ. ನಿಲ್ಲಿಸಿದರೆ ಅತಿ ಹೆಚ್ಚು ಲಾಭವಾಗುವ ಸಮಯ ಯಾವುದಾದರೂ ಇದ್ದರೆ ಅದು ಇದೇ.

ನಿನ್ನ ಗೋಡೆಯ ಮೇಲಿರುವ ಬುಮ್ರಾ ಅವರನ್ನೇ ತೆಗೆದುಕೋ. 2019ರಲ್ಲಿ ಅವರ ಬೆನ್ನಿನಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಇಂಥದೇ ದಣಿವಿನ ಬಿರುಕು, ಕಾಣಿಸಿತ್ತು. 2022ರಲ್ಲಿ ಬೆನ್ನಿನ ತೊಂದರೆಯಿಂದ ಏಷ್ಯಾ ಕಪ್ ತಪ್ಪಿಸಿಕೊಂಡವರು ಸೆಪ್ಟೆಂಬರ್‌ನಲ್ಲಿ ಮರಳಿ ಬಂದು ಆಸ್ಟ್ರೇಲಿಯ ವಿರುದ್ಧ ಎರಡು ಟಿ20 ಆಡಿದರು. ಅಲ್ಲಿಗೆ ಬೆನ್ನು ಮತ್ತೆ ಕೈಕೊಟ್ಟಿತು, ವಿಶ್ವಕಪ್ಪೂ ಹೋಯಿತು, 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ನಮ್ಮ ಬೆಂಗಳೂರಿನ ವೇಗದ ಬೌಲರ್ ಪ್ರಸಿದ್ಧ್ ಕೃಷ್ಣ ಅವರಿಗೂ ಸೊಂಟದ ಇದೇ ಬಗೆಯ ಬಿರುಕು, ಅವರಿಗೂ ಶಸ್ತ್ರಚಿಕಿತ್ಸೆ. ಇಬ್ಬರೂ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ ಮುಗಿಸಿ, 2023ರ ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧದ ಒಂದೇ ಪಂದ್ಯದಲ್ಲಿ ಮರಳಿ ಬಂದು ತಲಾ ಎರಡು ವಿಕೆಟ್ ಪಡೆದರು. ಮುಂದಿನ ವರ್ಷದ ವಿಶ್ವಕಪ್ಪಿನಲ್ಲಿ ಬುಮ್ರಾ ಸರಣಿಶ್ರೇಷ್ಠರಾದದ್ದು ನಿನಗೆ ಗೊತ್ತೇ ಇದೆ. ಇನ್ನು ಆಸ್ಟ್ರೇಲಿಯದ ವೇಗದ ಬೌಲರ್ ಪ್ಯಾಟ್ ಕಮಿನ್ಸ್ ಹದಿನೆಂಟರ ಹರೆಯದಲ್ಲಿ 2011ರಲ್ಲಿ ಮೊದಲ ಟೆಸ್ಟ್ ಆಡಿದವರು, ಬೆನ್ನಿನ ಗಾಯವೂ ಸೇರಿದಂತೆ ಒಂದರ ಹಿಂದೊಂದು ಗಾಯಗಳಿಂದಾಗಿ ಎರಡನೆಯ ಟೆಸ್ಟಿಗೆ 2017ರವರೆಗೆ ಕಾಯಬೇಕಾಯಿತು. ಅವರೆಲ್ಲರ ಹಿಂದೆ ವೈದ್ಯರ ತಂಡಗಳಿದ್ದವು. ನಿನ್ನ ಹಿಂದಿರುವುದು ಪಿ.ಜಿ.ಯ ಮೂಲೆಯಲ್ಲಿಟ್ಟ ಒಂದು ಐಸ್ ಪ್ಯಾಕ್.

ಮಾತ್ರೆಯ ವಿಷಯ. ಡೈಕ್ಲೋಫೆನಾಕ್‌ನಂಥ ಮಾತ್ರೆ ನೋವನ್ನು ತಗ್ಗಿಸುತ್ತದೆ, ಎಲುಬಿನ ಮೇಲಿನ ಭಾರವನ್ನು ಒಂದು ಗುಲಗಂಜಿಯಷ್ಟೂ ತಗ್ಗಿಸುವುದಿಲ್ಲ. ನೋವು ತಡೆಯದಿದ್ದಾಗ ನೀನು ತಾನಾಗಿ ನಿಧಾನಿಸುತ್ತಿದ್ದೆ. ಮಾತ್ರೆ ಆ ತಡೆಯನ್ನೂ ಕಿತ್ತುಹಾಕುತ್ತದೆ. ಯಾರಾದರೂ ‘ಒಂದು ಇಂಜೆಕ್ಷನ್ ಚುಚ್ಚಿಸಿಕೋ, ಸರಿಹೋಗುತ್ತದೆ’ ಎಂದರೆ ಇನ್ನೂ ಎಚ್ಚರವಾಗಿರು: 2022ರಿಂದ ಸ್ಟೆರಾಯ್ಡ್ ಜಾತಿಯ ಗ್ಲೂಕೋಕಾರ್ಟಿಕಾಯ್ಡ್ ಚುಚ್ಚುಮದ್ದು, ದೇಹದ ಯಾವ ಭಾಗಕ್ಕೆ ಕೊಟ್ಟರೂ, ಸ್ಪರ್ಧೆಯ ವೇಳೆ ನಿಷಿದ್ಧ. ಅಜ್ಜಿಯಂತೂ ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಸೊಂಟಕ್ಕೆ ಒದೆಸಿಕೊಂಡರೆ ಎಲ್ಲವೂ ಹೋಗುತ್ತದೆ ಎಂದು ಎರಡು ಸಲ ನೆನಪಿಸಿದ್ದಾರೆ. ಅವರ ಸಮಾಧಾನಕ್ಕೆ ಹೂಂ ಎಂದಿದ್ದೇನೆ, ನೀನು ಮಾತ್ರ ಹಾಗೆ ಮಾಡಿಸಿಕೊಳ್ಳಬೇಡ. ಉಳುಕು ತೆಗೆಯುವವರ ಕೈಗೂ ಈ ಬೆನ್ನನ್ನು ಕೊಡಬೇಡ.

ಇದು ಹೇಗಾಯಿತು ಎಂದು ಕೇಳಿದ್ದೀಯೆ. ನಿನ್ನ ಡೈರಿಯನ್ನು ಒಮ್ಮೆ ತಿರುವಿ ನೋಡು. ಬೆಳಿಗ್ಗೆ ಕ್ಲಬ್ಬಿನ ನೆಟ್ಸ್, ಸಂಜೆ ಕಾಲೇಜು ತಂಡ, ಭಾನುವಾರ ಲೀಗ್ ಪಂದ್ಯ. ಪ್ರತಿಯೊಬ್ಬ ಕೋಚ್ ಕೂಡ ತನ್ನೆದುರಿನ ಓವರ್‌ಗಳನ್ನಷ್ಟೇ ಎಣಿಸುತ್ತಾರೆ, ಮೂರನ್ನೂ ಕೂಡಿಸುವವರು ಯಾರೂ ಇಲ್ಲ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಹದಿನೈದು ವರ್ಷದೊಳಗಿನ ವೇಗದ ಬೌಲರ್‌ಗಳಿಗೆ ಒಂದು ಸ್ಪೆಲ್‌ಗೆ, ಅಂದರೆ ಒಂದೇ ಸರದಿಯ ಬೌಲಿಂಗ್‌ಗೆ, 6, ದಿನಕ್ಕೆ 12 ಓವರ್‌ಗಳ ಮಿತಿಯನ್ನು ಬಹುಕಾಲ ಇಟ್ಟಿತ್ತು. ನೀನು ಅವರಿಗಿಂತ ಒಂದು ವರ್ಷವಷ್ಟೇ ದೊಡ್ಡವಳು, ನಿನ್ನ ಆ ಭಾಗದ ಎಲುಬೂ ಇನ್ನೂ ಪೂರ್ತಿ ಬಲಿತಿಲ್ಲ. ಒಂದೇ ವಾರದಲ್ಲಿ ಓವರ್‌ಗಳು ದಿಢೀರನೆ ಏರಿದಾಗ ಗಾಯದ ಸಂಭವ ಹೆಚ್ಚುತ್ತದೆಂದು ವೇಗದ ಬೌಲರ್‌ಗಳ ಅಧ್ಯಯನಗಳೂ ಹೇಳಿವೆ. ಇದರ ಮೇಲೆ ಬೌಲಿಂಗ್ ಶೈಲಿಯ ಮಾತೊಂದಿದೆ. ಸೊಂಟ ಬ್ಯಾಟರ್ ಕಡೆ ಮುಖಮಾಡಿರುವಾಗ ಭುಜ ಪಕ್ಕಕ್ಕೆ ತಿರುಗಿಕೊಳ್ಳುವ ‘ಮಿಶ್ರ’ ಶೈಲಿಗೂ ಈ ಬಿರುಕಿಗೂ ನಂಟಿದೆ ಎಂದು ಪಶ್ಚಿಮ ಆಸ್ಟ್ರೇಲಿಯದ ಸಂಶೋಧಕರು ದಶಕಗಳ ಹಿಂದೆಯೇ ತೋರಿಸಿದ್ದಾರೆ. ನಿನ್ನ ಶೈಲಿ ಹಾಗಿದೆಯೇ ಎಂದು ನೋಡಿ ಹೇಳುವ ಕಣ್ಣು ನನ್ನದಲ್ಲ, ಫಿಸಿಯೊ ನೋಡಲಿ.

ಇನ್ನೊಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಕೇಳುತ್ತೇನೆ. ಕಳೆದ ಕೆಲವು ತಿಂಗಳಿಂದ ನಿನ್ನ ಮುಟ್ಟು ಸರಿಯಾಗಿ ಆಗುತ್ತಿದೆಯೇ? ಹೆಚ್ಚು ಓಡಿ ಕಡಿಮೆ ಉಣ್ಣುವ ಹುಡುಗಿಯರಲ್ಲಿ ದೇಹ ಮೊದಲು ಮುಟ್ಟನ್ನು ತಡೆಯುತ್ತದೆ, ಅದರ ಬೆನ್ನಿಗೇ ಎಲುಬು ಬಲಗುಂದುತ್ತದೆ. ಇದನ್ನು ವೈದ್ಯರಿಗೆ ಹೇಳದೆ ಎಲುಬಿನ ಚಿಕಿತ್ಸೆ ಪೂರ್ತಿಯಾಗದು. ಬೆಳಗಿನ ನೆಟ್ಸಿಗೆ ಬರಿಹೊಟ್ಟೆಯಲ್ಲಿ ಓಡುವುದನ್ನು ಬಿಡು. ರಾಗಿ ಹುರಿಹಿಟ್ಟು, ಮೊಟ್ಟೆ, ಹಾಲು, ನುಗ್ಗೆಸೊಪ್ಪು ಎಲ್ಲವೂ ಒಳ್ಳೆಯದೇ, ಆದರೆ ಮೊದಲು ಹೊಟ್ಟೆ ತುಂಬಬೇಕು. ಡಿ ವಿಟಮಿನ್ ರಕ್ತಪರೀಕ್ಷೆಯನ್ನೂ ಕೇಳೋಣ. ನಿನ್ನ ಸೊಂಟನೋವನ್ನು ‘ಮುಟ್ಟಿನ ನೋವಿರಬೇಕು’ ಎಂದು ತಳ್ಳಿಹಾಕಿದವರ ಮಾತು ನನಗಿನ್ನೂ ಸಿಟ್ಟು ತರಿಸುತ್ತದೆ. ಹದಿಹರೆಯದ ಆಟಗಾರರಲ್ಲಿ ವಾರಗಟ್ಟಲೆ ಬಿಡದೆ ಕಾಡುವ, ಹಿಂದಕ್ಕೆ ಬಾಗಿದರೆ ಹೆಚ್ಚುವ ನೋವನ್ನು ಪರೀಕ್ಷಿಸದೆ ಬಿಡಬಾರದು. ಮೊದಲ ಎಕ್ಸ್‌ರೇ ಸರಿಯಾಗಿದ್ದದ್ದರಿಂದ ಅವರು ಧೈರ್ಯ ಹೇಳಿರಬಹುದು, ಆದರೆ ಈ ಹಂತದ ಗಾಯ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ.

ಹಾಗೆಂದು ಹಾಸಿಗೆ ಹಿಡಿಯಬೇಕಿಲ್ಲ. ನಡೆ, ಕಾಲೇಜಿಗೆ ಹೋಗು. ಕಿಟ್ ಬ್ಯಾಗ್ ಹೊರಬೇಡ, ತುಂಬಿದ ಬಕೆಟ್ಟನ್ನು ಸೊಂಟ ಬಗ್ಗಿಸಿ ಎತ್ತಬೇಡ, ಟ್ಯೂಷನ್ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರದೆ ನಡುನಡುವೆ ಏಳು. ಸಾಮಾನ್ಯವಾಗಿ ಮೂರು ತಿಂಗಳಾದರೂ ಬೌಲಿಂಗ್ ಇರುವುದಿಲ್ಲ. ನೋವು ಅದಕ್ಕೂ ಮೊದಲೇ ಮಾಯವಾಗುತ್ತದೆ, ಅಪಾಯವಿರುವುದು ಆಗಲೇ, ಏಕೆಂದರೆ ನೋವು ಹೋದರೂ ಎಲುಬಿನ ಕೆಲಸ ಮುಗಿದಿರುವುದಿಲ್ಲ. ಹೊಟ್ಟೆ, ಪಿರ್ರೆ, ಬೆನ್ನಿನ ಸ್ನಾಯುಗಳಿಗೆ ಫಿಸಿಯೊ ಕೊಡುವ ಬೇಸರದ ವ್ಯಾಯಾಮಗಳೇ ಆ ತಿಂಗಳುಗಳ ನಿನ್ನ ಆಟ. ಆಮೇಲೆ ನಿಂತಲ್ಲಿಂದ ಚೆಂಡೆಸೆತ, ನಂತರ ಮೋಟು ರನ್‌-ಅಪ್, ವಾರವಾರವೂ ಸ್ವಲ್ಪ ಸ್ವಲ್ಪ ಏರಿಕೆ. ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶವೇ ತಿಳಿಯದಂತಾದರೆ, ಮೂತ್ರ ಹಿಡಿತ ತಪ್ಪಿದರೆ ಮಾತ್ರ ಯಾರ ಅಪ್ಪಣೆಗೂ ಕಾಯದೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ಜ್ವರದ ಜೊತೆ ಬೆನ್ನುನೋವು ಬಂದರೂ, ರಾತ್ರಿ ನಿದ್ದೆಗೆಡಿಸುವ ನೋವು ಶುರುವಾದರೂ ತಡಮಾಡದೆ ನನಗೆ ಹೇಳು.

ಕೋಚ್ ಸರ್‌ಗೆ ಹೇಳಲು ನಿನಗೆ ಹಿಂಜರಿಕೆಯಿರುವುದು ಗೊತ್ತು. ಹೇಳಿದರೆ ‘ಗಾಯದ ಹುಡುಗಿ’ ಎಂಬ ಹೆಸರು ಬಂದು ಮುಂದಿನ ಪಟ್ಟಿಯಿಂದಲೂ ಬಿಟ್ಟುಹೋಗುತ್ತೀಯೆಂಬ ಭಯ. ಆ ಭಯ ಸುಳ್ಳೆಂದು ನಾನು ಹೇಳುವುದಿಲ್ಲ, ಹಾಗೆ ಆಗುವುದೂ ಉಂಟು. ಆದರೆ ಅರ್ಧ ವೇಗದಲ್ಲಿ ಬೌಲ್ ಮಾಡಿ ಆಯ್ಕೆಗಾರರ ಕಣ್ಣಿಗೆ ಸಾಧಾರಣಳಾಗಿ ಕಂಡು, ಜೊತೆಗೆ ಊತವನ್ನು ಬಿರುಕಾಗಿಯೂ ಮಾಡಿಕೊಂಡು ಬರುವುದರಲ್ಲಿ ನಷ್ಟ ಎರಡು. ವರದಿಯ ಪ್ರತಿಯನ್ನು ಅವರ ಕೈಗೆ ಕೊಟ್ಟು, ‘ಸರ್, ಸ್ಕ್ಯಾನ್‌ನಲ್ಲಿ ಸ್ಟ್ರೆಸ್ ಗಾಯ ಬಂದಿದೆ, ವೈದ್ಯರು ಒಪ್ಪುವವರೆಗೆ ಬೌಲಿಂಗ್ ಮಾಡಲಾರೆ, ಅಲ್ಲಿಯವರೆಗೆ ಸ್ಕೋರಿಂಗ್ ಮಾಡುತ್ತೇನೆ’ ಎಂದಷ್ಟೇ ಹೇಳು. ನೀನೇ ಹೇಳುವುದು ಒಳ್ಳೆಯದು, ಬೇಕಾದರೆ ನಾನೂ ಮಾತಾಡುತ್ತೇನೆ.

ಶನಿವಾರ ಶಾಲೆ ಮುಗಿಸಿ ಹೊರಟು ಸಂಜೆಯೊಳಗೆ ಬಂದುಬಿಡುತ್ತೇನೆ, ಸೋಮವಾರ ಕ್ರೀಡಾವೈದ್ಯರ ಸಮಯ ತೆಗೆದುಕೊಂಡಿದ್ದೇನೆ. ಎಲುಬು ಕೂಡಿದೆಯೆಂದು ಯಾವಾಗ, ಯಾವ ಪರೀಕ್ಷೆಯಿಂದ ನೋಡುತ್ತಾರೆ, ಬ್ಯಾಟಿಂಗ್ ಯಾವಾಗಿನಿಂದ, ಸೊಂಟಕ್ಕೆ ಬೆಲ್ಟ್ ಬೇಕೇ ಬೇಡವೇ ಎಂಬ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ನಿನ್ನವೂ ಇದ್ದರೆ ಸೇರಿಸು. ಹಳೆಯ ಎಕ್ಸ್‌ರೇ, ಎಂಆರ್‌ಐ ಸಿ.ಡಿ., ಓವರ್ ಬರೆದಿಟ್ಟ ಡೈರಿ ಮೂರನ್ನೂ ಒಂದು ಚೀಲದಲ್ಲಿ ಹಾಕಿಡು. ನೋವು ಶುರುವಾಗುವ ಮೊದಲಿನ ನಿನ್ನ ಬೌಲಿಂಗ್ ವಿಡಿಯೊಗಳಿದ್ದರೆ, ಪಕ್ಕದಿಂದ ತೆಗೆದದ್ದು ಒಂದು, ಹಿಂದಿನಿಂದ ತೆಗೆದದ್ದು ಒಂದು, ಫೋನಿನಲ್ಲಿ ಹುಡುಕಿಡು; ಫಿಸಿಯೊ ಕೇಳಿದ್ದಾರೆ.

ಇಂತಿ,
ನಿನ್ನ ಅಮ್ಮ