ಕಪ್ಪುಕುಳಿ ಒಂದೇ ಸಮ ನುಂಗುವುದಿಲ್ಲ

ಸಂಪಾದಕರೇ,

ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಅಂದ ಕೂಡಲೇ 'ಎಲ್ಲವನ್ನೂ ನುಂಗುವ ರಾಕ್ಷಸ' ಅಂತ ಬರೆಯುವುದನ್ನು ನಮ್ಮ ಪತ್ರಿಕೆಗಳು ದಯವಿಟ್ಟು ಬಿಡಬೇಕು. ನಾನು ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇದ್ದರೂ ಭೂಮಿ ಈಗಿನ ಹಾಗೇ ಸುತ್ತುತ್ತದೆ ಅಂದರೆ ಮಕ್ಕಳು ನಂಬುವುದೇ ಇಲ್ಲ. ಮೊನ್ನೆ ಒಬ್ಬಳು ಕೇಳಿದಳು, "ಹತ್ತಿರ ಬಂದಿದ್ದನ್ನಾದರೂ ಒಂದೇ ಸಮ ನುಂಗ್ತದೆ ಅಲ್ವಾ ಸರ್?"

ಅದೂ ಇಲ್ಲ. ಅವಳಿಗೆ ಅಬ್ಬಿ ನೀರಿನ ನೆನಪು ಮಾಡಿದೆ. ಗುಡ್ಡದಿಂದ ಅಡಿಕೆ ದಂಬೆಯಲ್ಲಿ ಬರುವ ನೀರು ದರಗು, ಅಂದರೆ ಒಣಗಿದ ಎಲೆ, ಸಿಕ್ಕಿಕೊಂಡರೆ ಸಣ್ಣಗಾಗುತ್ತದೆ, ಹಿಂದೆ ತುಂಬುತ್ತಾ ತುಂಬುತ್ತಾ ಒಮ್ಮೆಲೇ ದಬದಬ ಬಂದು ಬೀಳುತ್ತದೆ. ಕೆಲವು ಕಪ್ಪುಕುಳಿಗಳಿಗೆ ಜೊತೆಗೊಂದು ನಕ್ಷತ್ರ ಇರುತ್ತದೆ. ಆ ನಕ್ಷತ್ರದಿಂದ ಬಂದ ಅನಿಲ ಕೂಡ ಕಪ್ಪುಕುಳಿಗೆ ನೇರ ಬೀಳುವುದಿಲ್ಲ, ಸುತ್ತ ತಟ್ಟೆಯ ಹಾಗೆ ತಿರುಗುತ್ತದೆ. ತಣ್ಣಗಿರುವಷ್ಟು ದಿನ ಸುಮ್ನೆ ಅಲ್ಲೇ ಸೇರುತ್ತಾ ಹೋಗುತ್ತದೆ. ಸಾಕಷ್ಟು ಸೇರಿ ಕಾದಾಗ ಉಜ್ಜಾಟ ಜಾಸ್ತಿಯಾಗಿ ಒಳಕ್ಕೆ ನುಗ್ಗುತ್ತದೆ, ಆಗ ಎಕ್ಸ್-ರೇ ಜೋರಾಗಿ ಹೊಮ್ಮುತ್ತದೆ. ವಿ404 ಸಿಗ್ನಿ ಎಂಬ ಕಪ್ಪುಕುಳಿ-ನಕ್ಷತ್ರದ ಜೋಡಿ 1989ರಲ್ಲಿ ಹೀಗೆ ಉರಿದು, ಆಮೇಲೆ 26 ವರ್ಷ ತಣ್ಣಗಿದ್ದು, 2015ರ ಜೂನ್‌ನಲ್ಲಿ ಮತ್ತೆ ಭುಗಿಲೆದ್ದಿತು. ಇಲ್ಲಿ ದರಗು ತೆಗೆಯಲು ಯಾರೂ ಹೋಗಬೇಕಿಲ್ಲ, ಸೇರಿದ ಅನಿಲವೇ ಕಾದು ದಾರಿ ಬಿಡಿಸಿಕೊಳ್ಳುತ್ತದೆ. ನನಗೆ ಅತಿ ಚಂದ ಕಾಣುವುದು ಇದೇ.

ಇನ್ನೊಂದು ಕಪ್ಪುಕುಳಿ ಇದೆ, ಜಿಆರ್‌ಎಸ್ 1915+105 ಅಂತ, ಸೂರ್ಯನ ಸುಮಾರು 12 ಪಟ್ಟು ತೂಕದ್ದು. ಕೆಲವೊಮ್ಮೆ ಅದರ ಸುತ್ತಲಿನ ಅನಿಲದ ಎಕ್ಸ್-ರೇ ಬೆಳಕು ನಿಮಿಷಕ್ಕೊಮ್ಮೆ ಎನ್ನುವ ಹಾಗೆ ಏರಿ ಇಳಿಯುತ್ತದೆ, ಎದೆಬಡಿತದ ಗ್ರಾಫ್ ನೋಡಿದ ಹಾಗೇ ಇರುತ್ತದೆ. ಒಳಗಿನ ಅನಿಲ ತೀರಾ ಹೊಳೆದಾಗ ಆ ಬೆಳಕಿನ ಒತ್ತಡವೇ ಅನಿಲವನ್ನು ಚದುರಿಸುತ್ತದೆ, ಜಾಗ ಮತ್ತೆ ತುಂಬುತ್ತದೆ, ಮತ್ತೆ ಹೊಳೆಯುತ್ತದೆ ಎನ್ನುವುದು ವಿಜ್ಞಾನಿಗಳ ವಿವರಣೆ.

ಎಕ್ಸ್-ರೇ ನಮ್ಮ ವಾತಾವರಣ ದಾಟಿ ನೆಲಕ್ಕೆ ಬರುವುದಿಲ್ಲ. ಹಾಗಾಗಿ ಮಲೆನಾಡಿನ ಆರು ತಿಂಗಳ ಮೋಡ ಇರಲಿ ಬಿಡಲಿ, ಇದನ್ನು ನೋಡಲು ಉಪಗ್ರಹವೇ ಬೇಕು. ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್ ಇದೇ ಜಿಆರ್‌ಎಸ್ 1915+105 ಅನ್ನು ಎಷ್ಟೋ ಸಲ ನೋಡಿದೆ. ಉಡಾವಣೆಯ ದಿನ ಮುಖಪುಟದಲ್ಲಿ ಫೋಟೋ ಹಾಕುತ್ತೀರಿ, ಆಮೇಲೆ ಅದು ಕಂಡಿದ್ದೇನು ಅಂತ ಎಷ್ಟು ಸಲ ಬರೆದಿದ್ದೀರಿ? ಒಂದು ಭಾನುವಾರ ಆ ಏರಿಳಿತದ ಗ್ರಾಫನ್ನು ಅರ್ಧ ಪುಟ ದೊಡ್ಡದಾಗಿ ಅಚ್ಚು ಹಾಕಿ. ಕತ್ತರಿಸಿ ನಮ್ಮ ತರಗತಿಯ ಗೋಡೆಗೆ ಅಂಟಿಸುತ್ತೇನೆ.

- ಒಬ್ಬ ಶಿಕ್ಷಕ, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ