ಮೊದಲ ದಿನವೇ ಸ್ಪ್ರಿಂಗ್ ಬದಲಾಯಿಸುವುದನ್ನು ಯಾಕೆ ನಿಲ್ಲಿಸಿದ್ದೇವೆ

ನಮ್ಮ ಗ್ರಾಹಕರಿಗೆ ನಮಸ್ಕಾರ,

ಹಳೆಯ ಕಾರು ತಂದು ನಿಲ್ಲಿಸಿದವರು ಸೀಟಿನಿಂದ ಇಳಿಯುವ ಮೊದಲೇ ಹೇಳುವ ಮಾತು ನಮಗೆ ಬಾಯಿಪಾಠವಾಗಿದೆ. "ಗಾಡಿ ಸ್ವಲ್ಪ ಇಳಿಸಿಬಿಡಿ, ಗಟ್ಟಿ ಸ್ಪ್ರಿಂಗ್ ಹಾಕಿ, ಭಾನುವಾರ ರೇಸ್ ಟ್ರ್ಯಾಕಿಗೆ ಹೋಗಬೇಕು." ನಾವೂ ಇಷ್ಟು ದಿನ ಆಗಲಿ ಅಂತಲೇ ಹೇಳುತ್ತಾ ಬಂದೆವು. ಗಿಡ್ಡ ಸ್ಪ್ರಿಂಗ್, ಬಿಗಿ ಶಾಕ್ ಅಬ್ಸಾರ್ಬರ್, ಗಾಡಿ ವಾಲುವುದನ್ನು ತಡೆಯುವ ದಪ್ಪನೆಯ ಆ್ಯಂಟಿ ರೋಲ್ ಬಾರ್, ಕೀಲುಗಳಲ್ಲೆಲ್ಲ ರಬ್ಬರಿನ ಬದಲು ಗಟ್ಟಿಯಾದ ಪಾಲಿಯುರೆಥೇನ್ ಬುಷ್. ಎಲ್ಲ ಸೇರಿ ಒಂದು ಸೆಟ್, ಎರಡು ದಿನದ ಕೆಲಸ. ಗಾಡಿ ನೋಡಲೂ ಚೆಂದ ಕಾಣುತ್ತಿತ್ತು.

ಆ ಸೆಟ್ ಹಾಕುವುದನ್ನು ನಿಲ್ಲಿಸಿದ್ದೇವೆ. ಇನ್ನು ಮೇಲೆ ಯಾವ ಗಾಡಿ ಬಂದರೂ ಮೊದಲು ಅಳತೆ, ಆಮೇಲೆ ಸವೆದಿದ್ದನ್ನು ಸರಿ ಮಾಡುವುದು, ಆಮೇಲೆ ಟೈರು ಮತ್ತು ಅಲೈನ್‌ಮೆಂಟ್. ಸ್ಪ್ರಿಂಗಿನ ಮಾತು ಕೊನೆಗೆ, ಅದೂ ಬೇಕಾದರೆ ಮಾತ್ರ. ಕೆಲಸಕ್ಕೆ ದಿನ ಜಾಸ್ತಿ ಹಿಡಿಯುತ್ತದೆ. ನೀವು ಒಂದು ಸಲದ ಬದಲು ಮೂರು ಸಲ ಬರಬೇಕಾಗುತ್ತದೆ. ನಿಮಗೆ ಇಷ್ಟು ತೊಂದರೆ ಕೊಡುವಾಗ ಕಾರಣವನ್ನೂ ಬಿಡಿಸಿ ಹೇಳಬೇಕು, ಅಲ್ವಾ?

ತಪ್ಪು ಗೊತ್ತಾಗಿದ್ದು ನಮ್ಮದೇ ಗಾಡಿಯಿಂದ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ ಸೇರಿರುವುದು), ಹಿಂದೆ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಇರುವ ಹಳೆಯ ಸೆಡಾನ್. ನಮ್ಮ ಸೆಟ್ ಹಾಕಿ 40 ಮಿ.ಮೀ. ಇಳಿಸಿದ್ದೆವು. ನುಣುಪಾದ ಟ್ರ್ಯಾಕಿನಲ್ಲಿ ಅಡ್ಡಿ ಇರಲಿಲ್ಲ. ಒಂದು ಉಬ್ಬುತಗ್ಗಿನ ತಿರುವಿನಲ್ಲಿ ಮಾತ್ರ ಏನೂ ಮುನ್ಸೂಚನೆ ಕೊಡದೆ ಹಿಂಭಾಗ ಜಾರಿ ಗಾಡಿ ಗಿರಕಿ ಹೊಡೆಯಿತು. ಯಾರಿಗೂ ಏನೂ ಆಗಲಿಲ್ಲ. ಟೈರಿನ ಮೇಲೆ ತಪ್ಪು ಹೊರಿಸಿ ಸುಮ್ನೆ ಆದೆವು. ಆಮೇಲೆ ಅದೇ ಸೆಟ್ ಹಾಕಿಸಿಕೊಂಡ ಇಬ್ಬರು ಗ್ರಾಹಕರು ಅದೇ ದೂರು ಹೇಳಿಕೊಂಡು ಬಂದರು. ಆಗ ಸುಮ್ಮನಿರಲು ಆಗಲಿಲ್ಲ.

ಅಳೆದು ನೋಡಿದರೆ ಕಾರಣ ಸರಳ. ಗಾಡಿ ಇಳಿಸಿದ್ದರಿಂದ ಹಿಂದಿನ ಆಕ್ಸಲ್‌ಗೂ, ಅದು ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪ್‌ಗೂ ನಡುವೆ ಜಾಗವೇ ಉಳಿದಿರಲಿಲ್ಲ. ತಿರುವಿನಲ್ಲಿ ಗಾಡಿ ವಾಲಿದಾಗ ಆಕ್ಸಲ್‌ನ ಹೊರಗಿನ ತುದಿ ಹೋಗಿ ಸ್ಟಾಪ್‌ಗೆ ಬಡಿಯುತ್ತಿತ್ತು. ಬಡಿದ ಕ್ಷಣಕ್ಕೆ ಆ ಮೂಲೆಯಲ್ಲಿ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ. ಭಾರವೆಲ್ಲ ಒಂದೇ ಟೈರಿನ ಮೇಲೆ ಬಿದ್ದು ಹಿಡಿತ ತಪ್ಪುತ್ತಿತ್ತು. ಮುಂದುಗಡೆಯ ಕಥೆ ಇನ್ನೊಂದು. ತಿರುವಿನಲ್ಲಿ ಗಾಡಿ ಒಂದು ಕಾಲ್ಪನಿಕ ಬಿಂದುವಿನ ಸುತ್ತ ವಾಲುತ್ತದೆ, ಅದೇ ರೋಲ್ ಸೆಂಟರ್. ಸ್ಟ್ರಟ್ ಇರುವ ಗಾಡಿಯನ್ನು ಇಳಿಸಿದಾಗ ಅದರ ಭಾರಕೇಂದ್ರ ಎಷ್ಟು ಇಳಿಯುತ್ತದೋ ರೋಲ್ ಸೆಂಟರ್ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಎರಡರ ನಡುವಿನ ಅಂತರವೇ ಗಾಡಿಯನ್ನು ವಾಲಿಸುವ ಸನ್ನೆಗೋಲು. ಇಳಿಸಿ ಇಳಿಸಿ ನಾವು ಆ ಸನ್ನೆಗೋಲನ್ನೇ ಉದ್ದ ಮಾಡಿದ್ದೆವು. ಗಟ್ಟಿ ಸ್ಪ್ರಿಂಗಿನ ಅರ್ಧ ಶಕ್ತಿ ನಾವೇ ಮಾಡಿದ ಕೆಡುಕನ್ನು ಸರಿದೂಗಿಸಲು ಹೋಗುತ್ತಿತ್ತು. ಜೊತೆಗೆ ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ಮತ್ತು ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ನ ಕೋನಗಳು ಹೊಂದದೆ, ಉಬ್ಬು ಸಿಕ್ಕಾಗಲೆಲ್ಲ ಸ್ಟೀರಿಂಗ್ ಅಲ್ಲಾಡಿಸದಿದ್ದರೂ ಚಕ್ರ ತಾನಾಗಿ ತಿರುಗುತ್ತಿತ್ತು. ಬಂಪ್ ಸ್ಟಿಯರ್ ಅನ್ನುತ್ತಾರಲ್ಲ, ಅದು.

ಇನ್ನೊಂದು ತಪ್ಪು ಕಲ್ಪನೆ ನಮ್ಮಲ್ಲೂ ಇತ್ತು. ಸ್ಪ್ರಿಂಗ್ ಗಟ್ಟಿಯಾದರೆ ತಿರುವಿನಲ್ಲಿ ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಕಡಿಮೆಯಾಗುತ್ತದೆ ಅಂತ. ಹಾಗೇನಿಲ್ಲ. 900 ಕೆ.ಜಿ. ತೂಕದ ಗಾಡಿ, ಭಾರಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ಎಡ ಬಲ ಚಕ್ರಗಳ ನಡುವೆ 1.25 ಮೀಟರ್ ಅಂತ ಇಟ್ಟುಕೊಳ್ಳಿ. 0.8 ಜಿ, ಅಂದರೆ ಗುರುತ್ವದ 0.8 ಪಟ್ಟು ಬಲದಲ್ಲಿ ತಿರುಗಿದರೆ 288 ಕೆ.ಜಿ. ಭಾರ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ಹೋಗುತ್ತದೆ. ಸ್ಪ್ರಿಂಗ್ ಮೆತ್ತಗಿರಲಿ, ಕಲ್ಲಿನಂತಿರಲಿ, ಲೆಕ್ಕ ಹೆಚ್ಚುಕಡಿಮೆ ಅದೇ. ಸ್ಪ್ರಿಂಗ್ ಮತ್ತು ಆ್ಯಂಟಿ ರೋಲ್ ಬಾರ್ ತೀರ್ಮಾನಿಸುವುದು ಬೇರೆಯೇ ವಿಷಯ: ಆ 288ರಲ್ಲಿ ಮುಂದಿನ ಆಕ್ಸಲ್ ಎಷ್ಟು ಹೊರಬೇಕು, ಹಿಂದಿನದು ಎಷ್ಟು. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಇರುತ್ತದೆ. ಹಾಗಾಗಿ ಯಾವ ತುದಿಗೆ ಜಾಸ್ತಿ ಪಾಲು ಬೀಳುತ್ತದೋ ಆ ತುದಿ ಮೊದಲು ಜಾರುತ್ತದೆ. ಮುಂದೆ ದಪ್ಪ ಬಾರ್ ಹಾಕಿದರೆ ಮೂತಿ ನೇರಕ್ಕೆ ಹೋಗಲು ನೋಡುತ್ತದೆ, ಹಿಂದೆ ಹಾಕಿದರೆ ಬಾಲ ಬೀಸುತ್ತದೆ. ಎರಡೂ ಕಡೆ ಹಾಕಿಕೊಟ್ಟು "ಈಗ ಹ್ಯಾಂಡ್ಲಿಂಗ್ ಸೂಪರ್" ಅಂದಿದ್ದ ನಮ್ಮ ಧೈರ್ಯ ನೆನೆಸಿಕೊಂಡರೆ ಈಗ ನಗು ಬರುತ್ತದೆ.

ಒಂದೇ ಸೆಟ್ ಎಲ್ಲ ಗಾಡಿಗೂ ಆಗುವುದಿಲ್ಲ ಅನ್ನುವುದಕ್ಕೆ ನಮ್ಮ ಶೆಡ್ಡಿನಲ್ಲಿ ಈಗ ನಿಂತಿರುವ ಗಾಡಿಗಳೇ ಸಾಕ್ಷಿ. 1959ರಲ್ಲಿ ಬಂದ ಮಿನಿಯಲ್ಲಿ ಕಾಯಿಲ್ ಸ್ಪ್ರಿಂಗೇ ಇಲ್ಲ. ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಕೋನ್ ಇದೆ. ವಯಸ್ಸಾದಂತೆ ರಬ್ಬರ್ ಕುಗ್ಗಿ ಗಾಡಿ ತಾನಾಗಿಯೇ ಕೂತಿರುತ್ತದೆ. ಅದನ್ನು ಇನ್ನೂ ಇಳಿಸಿ ಅಂದರೆ ಏನು ಹೇಳುವುದು? ಅಲ್ಲಿ ಮೊದಲು ಹೊಸ ಕೋನ್ ಹಾಕಬೇಕು. ಆಮೇಲೆ ಮುಂದಕ್ಕೆ ಸ್ವಲ್ಪ ಉದ್ದನೆಯ ಕೆಳಗಿನ ಆರ್ಮ್ ಹಾಕಿ 1.5 ಡಿಗ್ರಿಯಷ್ಟು ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಕೊಟ್ಟರೆ ಗಾಡಿ ತಿರುವಿಗೆ ಇಳಿಯುವ ರೀತಿಯೇ ಬದಲಾಗುತ್ತದೆ. ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ ಮುಂದಿನ ಮೇಲಿನ ಆರ್ಮ್ ಅಂದರೆ ಲಿವರ್ ಶಾಕ್‌ನ (ತೋಳಿನ ಮೂಲಕ ಕೆಲಸ ಮಾಡುವ ಹಳೆಯ ಬಗೆಯ ಶಾಕ್) ತೋಳೇ. ಶಾಕ್‌ನ ಶಾಫ್ಟ್ ಸವೆದಿದ್ದರೆ ಚಕ್ರದ ಮೇಲ್ತುದಿ ಬೇಕಾದ ಹಾಗೆ ಆಡುತ್ತದೆ. ಅಂಥ ಗಾಡಿಯ ಅಲೈನ್‌ಮೆಂಟ್ ಮಾಡುವುದು ನೀರಿನ ಮೇಲೆ ಗೆರೆ ಎಳೆದ ಹಾಗೆ.

ಹಿಂದೆ ಸ್ವಿಂಗ್ ಆಕ್ಸಲ್ (ನಡುವಿನ ಕೀಲಿನಿಂದ ಪ್ರತಿ ಚಕ್ರವೂ ತನ್ನ ಅರ್ಧ ಆಕ್ಸಲ್ ಜೊತೆ ಮೇಲೆ ಕೆಳಗೆ ಆಡುವುದು) ಇರುವ ಗಾಡಿಗಳು, ಅಂದರೆ ಹಳೆಯ ಬೀಟಲ್, ಟ್ರಯಂಫ್ ಸ್ಪಿಟ್‌ಫೈರ್ ಇವೆಲ್ಲ, ಪೂರ್ತಿ ಉಲ್ಟಾ. ಜೋರಾಗಿ ತಿರುಗುವಾಗ ಹಿಂಭಾಗ ಮೇಲೆದ್ದು ಹೊರಗಿನ ಚಕ್ರ ಒಳಗೆ ಮಡಚಿಕೊಳ್ಳುತ್ತದೆ. ಇವುಗಳಲ್ಲಿ ಹಿಂದೆ ಸ್ವಲ್ಪ ಇಳಿಸುವುದು ಒಳ್ಳೆಯದೇ. ಆದರೆ ಹಿಂದೆ ದಪ್ಪ ಆ್ಯಂಟಿ ರೋಲ್ ಬಾರ್ ಹಾಕಿದಿರೋ, ರೋಗ ಜಾಸ್ತಿಯಾಗುತ್ತದೆ. ಟ್ರಯಂಫ್ ಕಂಪನಿಯವರು 1970ರ ಸ್ಪಿಟ್‌ಫೈರ್ ಮಾರ್ಕ್ 4ರಲ್ಲಿ ಮಾಡಿದ್ದು ಇದರ ವಿರುದ್ಧ. ಅಡ್ಡ ಇರುವ ಲೀಫ್ ಸ್ಪ್ರಿಂಗಿನ ಹೆಚ್ಚಿನ ಪಟ್ಟಿಗಳು ನಡುವಿನಲ್ಲಿ ತೂಗುವ ಹಾಗೆ ಮಾಡಿ, ಹಿಂದಿನ ತುದಿ ವಾಲುವುದನ್ನು ತಡೆಯುವ ಬಿಗಿಯನ್ನು ಕಡಿಮೆ ಮಾಡಿದರು. ಮೆತ್ತಗೆ ಮಾಡಿ ಹಿಡಿತ ಗಳಿಸಿದರು.

ಸ್ಪ್ರಿಂಗಿನ ಗಟ್ಟಿತನದ ನಂಬರ್ ಬಗ್ಗೆಯೂ ಒಂದು ಮಾತು. ಗೆಳೆಯನ ಗಾಡಿಯಲ್ಲಿ ಇಂಥದ್ದಿದೆ, ನನಗೂ ಅದೇ ಕೊಡಿ ಅಂತ ಕೇಳುವವರಿದ್ದಾರೆ. ಸ್ಪ್ರಿಂಗ್ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಚಕ್ರ 10 ಮಿ.ಮೀ. ಮೇಲೇರಿದಾಗ ಸ್ಪ್ರಿಂಗ್ 6 ಮಿ.ಮೀ. ಮಾತ್ರ ಒತ್ತಿಕೊಂಡರೆ ಅನುಪಾತ 0.6. ಚಕ್ರದ ಲೆಕ್ಕಕ್ಕೆ ಬರುವುದು ಅದರ ವರ್ಗ, 0.36. ಅಂದರೆ ಆ ಸ್ಪ್ರಿಂಗಿನ ಗಟ್ಟಿತನದ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪವಷ್ಟೇ ಜಾಸ್ತಿ ಚಕ್ರಕ್ಕೆ ತಲುಪುತ್ತದೆ. ಸ್ಟ್ರಟ್ ಗಾಡಿಯಲ್ಲಿ ಅದೇ ಸ್ಪ್ರಿಂಗ್ ಹೆಚ್ಚುಕಡಿಮೆ ಪೂರ್ತಿ ಕೆಲಸ ಮಾಡುತ್ತದೆ. ಗೆಳೆಯನಿಗೆ ಒಗ್ಗಿದ್ದು ನಿಮ್ಮ ಬೆನ್ನು ಮುರಿಯಬಹುದು.

ಬುಷ್ ವಿಷಯದಲ್ಲಿ ನಮ್ಮ ತಪ್ಪು ಎರಡು. ಪಾಲಿಯುರೆಥೇನ್ ಬುಷ್ ಒಂದೇ ದಿಕ್ಕಿನಲ್ಲಿ ತಿರುಗುವ ಜಾಗಕ್ಕೆ ಒಳ್ಳೆಯದು. ಎರಡು ಮೂರು ದಿಕ್ಕಿಗೆ ತಿರುಚಿಕೊಳ್ಳಬೇಕಾದ ಆರ್ಮ್‌ಗಳಿಗೆ ಹಾಕಿದರೆ ಸಸ್ಪೆನ್ಷನ್ ಬಿಗಿದುಕೊಳ್ಳುತ್ತದೆ. ನಾವು ಕಂಡಲ್ಲೆಲ್ಲ ಹಾಕಿದ್ದೆವು. ಇನ್ನು ರಬ್ಬರ್ ಬುಷ್ ಹಾಕಿದಾಗ, ಗಾಡಿ ಲಿಫ್ಟ್ ಮೇಲೆ ಚಕ್ರ ನೇತಾಡಿಸಿಕೊಂಡಿರುವಾಗಲೇ ಬೋಲ್ಟ್ ಬಿಗಿ ಮಾಡಿಬಿಡುತ್ತಿದ್ದೆವು. ಹಾಗೆ ಮಾಡಿದರೆ ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಗಾಡಿಯ ಭಾರ ಕೂತ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ಈಗ ಹಾಗೇ ಮಾಡುತ್ತಿದ್ದೇವೆ.

ಇನ್ನು ನಿಮ್ಮ ಮೂರು ಭೇಟಿಗಳ ವಿಷಯ. ಮೊದಲ ಸಲ ನಾವು ಏನನ್ನೂ ಬದಲಾಯಿಸುವುದಿಲ್ಲ. ಬುಷ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್, ಸ್ಟೀರಿಂಗ್‌ನ ಪ್ಲೇ, ಸ್ಪ್ರಿಂಗ್ ಕೂರುವ ಜಾಗದ ತುಕ್ಕು ಮತ್ತು ಬಿರುಕು ನೋಡುತ್ತೇವೆ. ಟೈರಿನ ವಯಸ್ಸನ್ನೂ ನೋಡುತ್ತೇವೆ. ಪಕ್ಕದಲ್ಲಿ ಅಚ್ಚಾಗಿರುವ ಕೋಡಿನ ಕೊನೆಯಲ್ಲಿ 2319 ಅಂತಿದ್ದರೆ ಅದು 2019ರ 23ನೇ ವಾರದ್ದು. ಗೆರೆ ಚೆನ್ನಾಗಿದೆ ಅಂತ ಗಟ್ಟಿಯಾದ ಹಳೆಯ ಟೈರಿನ ಮೇಲೆ ಸೆಟ್ಟಿಂಗ್ ಮಾಡಿಕೊಡಿ ಅಂದರೆ ಇನ್ನು ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಸ್ಪರ್ಧೆಯ ರೂಲ್ ಬುಕ್ ಕೂಡ ತನ್ನಿ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ ಅಪೆಂಡಿಕ್ಸ್ ಕೆ ನಿಯಮದ ಪ್ರಕಾರ ನಡೆಯುವ ಐತಿಹಾಸಿಕ ಕಾರುಗಳ ಸ್ಪರ್ಧೆಯಾದರೆ ಗಾಡಿ ಅದರ ಕಾಲದಲ್ಲಿ ಇದ್ದ ಹಾಗೇ ಇರಬೇಕು. ಲಿವರ್ ಶಾಕ್ ಕಿತ್ತು ಟೆಲಿಸ್ಕೋಪಿಕ್ (ಕೊಳವೆಯಂಥ) ಶಾಕ್ ಹಾಕಿದ ಮೇಲೆ ಆ ಕ್ಲಾಸಿನಲ್ಲಿ ಜಾಗವಿಲ್ಲ ಅಂತ ಗೊತ್ತಾದರೆ ಯಾರಿಗೂ ಸಂತೋಷವಿಲ್ಲ.

ಎರಡನೇ ಸಲ ರಿಪೇರಿ ಮುಗಿದ ಮೇಲೆ ನಾಲ್ಕು ಚಕ್ರದ ಕೆಳಗೂ ತೂಕದ ಯಂತ್ರ ಇಡುತ್ತೇವೆ. ಇಲ್ಲಿ ನೀವೇ ಬರಬೇಕು. ಮಗನನ್ನೋ ಡ್ರೈವರನ್ನೋ ಕಳಿಸಿದರೆ ಆಗದು. ಓಡಿಸುವವರು ಸೀಟಿನಲ್ಲಿ ಕೂತಾಗ ಇರುವ ತೂಕವೇ ನಮಗೆ ಬೇಕು. ಪೆಟ್ರೋಲ್ ಸ್ಪರ್ಧೆಯ ದಿನ ಇರುವಷ್ಟೇ ಇರಲಿ. ಆ್ಯಂಟಿ ರೋಲ್ ಬಾರ್‌ನ ಲಿಂಕ್ ಬಿಚ್ಚಿಟ್ಟು, ಒಂದು ಮೂಲೆಯ ಮುಂದಿನ ಚಕ್ರ ಮತ್ತು ಅದರ ಎದುರು ಮೂಲೆಯ ಹಿಂದಿನ ಚಕ್ರದ ತೂಕ ಕೂಡಿಸಿದರೆ ಒಟ್ಟು ತೂಕದ ಅರ್ಧಕ್ಕೆ ಹತ್ತಿರ ಬರಬೇಕು. ಬರದಿದ್ದರೆ "ಎಡಕ್ಕೆ ಬೆಣ್ಣೆಯಂತೆ ತಿರುಗುತ್ತೆ, ಬಲಕ್ಕೆ ಹಠ ಮಾಡುತ್ತೆ" ಅನ್ನುವ ದೂರು ಶುರು. ಎತ್ತರ ಸರಿಹೊಂದಿಸುವ ವ್ಯವಸ್ಥೆ ಇಲ್ಲದ ಗಾಡಿಗಳಲ್ಲಿ ಇದು ಶಿಮ್ (ತೆಳು ಬಿಲ್ಲೆ) ಹಾಕಿ ತೆಗೆದು ಮಾಡುವ ತಾಳ್ಮೆಯ ಕೆಲಸ. ಕ್ಯಾಂಬರ್, ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎಲ್ಲ ಇದಾದ ಮೇಲೆ.

ಮೂರನೇದು ಟ್ರ್ಯಾಕಿನಲ್ಲಿ. ಟೆಲಿಸ್ಕೋಪಿಕ್ ಶಾಕ್ ಇದ್ದರೆ ಅದರ ರಾಡಿಗೆ ಒಂದು ಕೇಬಲ್ ಟೈ ಸುತ್ತಿ ಕಳಿಸುತ್ತೇವೆ. ನಾಲ್ಕು ಸುತ್ತು ಹಾಕಿ ಬಂದಾಗ ಅದು ಎಲ್ಲಿ ನಿಂತಿದೆ ಅಂತ ನೋಡಿದರೆ ಸಸ್ಪೆನ್ಷನ್ ಎಷ್ಟು ಆಡಿದೆ ಅಂತ ಗೊತ್ತಾಗುತ್ತದೆ. ಆ ಬಡ ಕೇಬಲ್ ಟೈ ಮೊದಲೇ ಹಾಕಿದ್ದರೆ ನಮ್ಮ ಗಾಡಿ ಗಿರಕಿ ಹೊಡೆಯುತ್ತಲೇ ಇರಲಿಲ್ಲ. ಟೈರಿನ ಒಳ ಅಂಚು, ನಡು, ಹೊರ ಅಂಚಿನ ಬಿಸಿಯನ್ನೂ ಅಳೆಯುತ್ತೇವೆ. ನಡು ಜಾಸ್ತಿ ಬಿಸಿಯಿದ್ದರೆ ಗಾಳಿ ಜಾಸ್ತಿ. ಹೊರ ಅಂಚು ಸುಡುತ್ತಿದ್ದರೆ ನೆಗೆಟಿವ್ ಕ್ಯಾಂಬರ್ ಸಾಲದು. ಒಂದು ಸಲಕ್ಕೆ ಒಂದೇ ಬದಲಾವಣೆ, ಬರೆದಿಟ್ಟುಕೊಂಡು. ಗಾಡಿ ಇನ್ನೂ ತೀರಾ ವಾಲುತ್ತಿದೆ, ಅಥವಾ ಸ್ಟಾಪ್‌ಗೆ ಬಡಿಯುತ್ತಿದೆ ಅಂತ ಕಂಡರೆ ಆಗ ಸ್ಪ್ರಿಂಗ್ ಬದಲಾಯಿಸೋಣ. ಶಾಕ್ ಅನ್ನು ಆ ಸ್ಪ್ರಿಂಗಿಗೆ ತಕ್ಕಂತೆ ಆರಿಸೋಣ. ಬಿಗಿ ಶಾಕ್ ಗಾಡಿ ಎಷ್ಟು ಬೇಗ ವಾಲುತ್ತದೆ ಅನ್ನುವುದನ್ನು ಬದಲಾಯಿಸುತ್ತದೆಯೇ ಹೊರತು, ಉದ್ದದ ತಿರುವಿನಲ್ಲಿ ಕೊನೆಗೆ ಎಷ್ಟು ವಾಲುತ್ತದೆ ಅನ್ನುವುದನ್ನಲ್ಲ.

ಈಗಾಗಲೇ ಹಳೆಯ ಸೆಟ್‌ಗೆ ಬುಕ್ ಮಾಡಿದವರು ಹಣ ವಾಪಸ್ ಪಡೆಯಬಹುದು, ಇಲ್ಲವೇ ಹೊಸ ಕ್ರಮಕ್ಕೆ ಬದಲಾಯಿಸಿಕೊಳ್ಳಬಹುದು. ಆ ಸೆಟ್ ಹಾಕಿಸಿಕೊಂಡು ಓಡಿಸುತ್ತಿರುವವರು ದಯವಿಟ್ಟು ಮುಂದಿನ ಸ್ಪರ್ಧೆಗೆ ಮೊದಲು ಗಾಡಿ ತನ್ನಿ. ಬಂಪ್ ಸ್ಟಾಪ್‌ನ ಜಾಗ, ಬಂಪ್ ಸ್ಟಿಯರ್ ಎರಡನ್ನೂ ಅಳೆದು ಕೊಡುತ್ತೇವೆ. ಎತ್ತರ ಮೊದಲಿನಂತೆ ಮಾಡಬೇಕಾಗಿ ಬಂದರೆ ಅದರ ಕೂಲಿ ನಮ್ಮದೇ. ಎರಡೇ ದಿನದಲ್ಲಿ ಗಾಡಿ ಬೇಕು ಅನ್ನುವವರು ಬೇರೆ ಕಡೆ ಹೋದರೂ ನಮಗೆ ಕೋಪವಿಲ್ಲ.

ತೂಕದ ದಿನ ಹೆಲ್ಮೆಟ್, ರೇಸಿಗೆ ಹಾಕುವ ಶೂ ಜೊತೆಗಿರಲಿ. ಡಿಕ್ಕಿಯಲ್ಲಿರುವ ಟೂಲ್ ಬಾಕ್ಸ್, ಹಳೆಯ ಬ್ಯಾಟರಿ, ಬಿಡಿ ಸಾಮಾನು ಮಾತ್ರ ಮನೆಯಲ್ಲೇ ಇಳಿಸಿ ಬನ್ನಿ.

ಇಂತಿ,
ವರ್ಕ್‌ಶಾಪಿನ ಎಲ್ಲರ ಪರವಾಗಿ