ಗ್ಲಾಸಿನ ಸದ್ದು: ಗೆಳೆಯನಿಗೊಂದು ಪತ್ರ

ಮಾರಾಯ,

ಇದನ್ನು ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಆದರೆ ಅಲ್ಲಿ ನೀನು ಒಂದು ಹೆಬ್ಬೆರಳು ಒತ್ತಿ ಮುಗಿಸಿಬಿಡುತ್ತೀಯ. ನಾಲ್ಕು ಜನರ ಎದುರು ಬರೆದರೆ ಕೊನೆವರೆಗೆ ಓದುತ್ತೀಯ ಅಂತ ಇಲ್ಲಿ ಬರೆಯುತ್ತಿದ್ದೇನೆ. ಉಳಿದವರೂ ಓದಲಿ, ಪರವಾಗಿಲ್ಲ. ಕೊಡೆಯ ವಿಷಯ ಮಾತ್ರ ಎತ್ತುವುದಿಲ್ಲ, ಹೆದರಬೇಡ.

ಹದಿನೈದು ದಿನದಿಂದ ಅಮೆರಿಕದ ಜಾಝ್ ಪಿಯಾನೋ ವಾದಕ ಬಿಲ್ ಇವಾನ್ಸ್‌ನ ಪಿಯಾನೋ ಕೇಳುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಜಾಸ್ತಿ ಕೇಳಿದ್ದು 1961ರ ಜೂನ್ 25ರ ರೆಕಾರ್ಡಿಂಗ್. ನ್ಯೂಯಾರ್ಕಿನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಅಂತ ಒಂದು ಕ್ಲಬ್ಬು, ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಬೇಕು. ಅವತ್ತು ಭಾನುವಾರ. ಮಧ್ಯಾಹ್ನ ಎರಡು ಸಲ, ರಾತ್ರಿ ಮೂರು ಸಲ ಕೂತು ನುಡಿಸಿದ್ದಾರೆ. ಪಿಯಾನೋಗೆ ಇವಾನ್ಸ್, ಡ್ರಮ್ಸಿಗೆ ಪಾಲ್ ಮೋಷನ್, ಡಬಲ್ ಬೇಸಿಗೆ ಸ್ಕಾಟ್ ಲಫಾರೊ. ಲಫಾರೊಗೆ ಆಗ 25 ವರ್ಷ.

ಬೇಸ್ ಅಂದರೆ ಹಿಂದೆ ನಿಂತು ಲಯ ಹಿಡಿದುಕೊಂಡಿರುವ ವಾದ್ಯ ಅಂದುಕೊಂಡಿದ್ದೆ. ಈ ಹುಡುಗ ಸುಮ್ನೆ ಇರುವವನೇ ಅಲ್ಲ. ಪಿಯಾನೋ ಏನೋ ಹೇಳುತ್ತಿರುತ್ತದೆ, ಅದು ಮುಗಿಯುವ ಮೊದಲೇ ಇವನು ಉತ್ತರ ಕೊಟ್ಟಾಗಿರುತ್ತದೆ. ಒಳ್ಳೆ ತಬಲಾದವರು ಪಕ್ಕದಲ್ಲಿ ಕೂತರೆ ಕೊಳಲಿನವನು ಎಲ್ಲಿ ಉಸಿರು ತಗೋತಾನೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತೆ ಅನ್ನುತ್ತಿದ್ದೆಯಲ್ಲ, ಅದು ನನಗೆ ಅರ್ಥವಾದದ್ದು ಈಗ.

ಆ ಭಾನುವಾರ ಕಳೆದು 11 ದಿನಕ್ಕೆ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡ. ಇವಾನ್ಸ್ ತಿಂಗಳುಗಟ್ಟಲೆ ಜನರ ಮುಂದೆ ನುಡಿಸಲಿಲ್ಲ.

ಹೆರಾಯಿನ್ ಅದಕ್ಕೂ ಮೊದಲೇ ಅಂಟಿಕೊಂಡಿತ್ತು. 1959ರಲ್ಲಿ ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ಜೊತೆ 'ಕೈಂಡ್ ಆಫ್ ಬ್ಲೂ' ಅನ್ನುವ ಹೆಸರಾಂತ ಆಲ್ಬಮ್ಮಿನಲ್ಲಿ ನುಡಿಸಿದ ಮನುಷ್ಯ, ಕೆಲವೇ ವರ್ಷಗಳಲ್ಲಿ ಗೆಳೆಯರ ಹತ್ತಿರ ಸಾಲಕ್ಕೆ ಕೈಯೊಡ್ಡುವ ಸ್ಥಿತಿಗೆ ಬಂದ. ಒಮ್ಮೆ ಸೂಜಿ ನರಕ್ಕೆ ತಾಗಿ ಬಲಗೈ ಜೋಮು ಹಿಡಿದುಬಿಟ್ಟಿತಂತೆ. ಆಗ ಅದೇ ವ್ಯಾನ್‌ಗಾರ್ಡಿನಲ್ಲಿ ಎಡಗೈ ಒಂದರಲ್ಲೇ ನುಡಿಸಿದನಂತೆ, ಅದನ್ನು ನೋಡೋದಕ್ಕೆ ಬೇರೆ ಪಿಯಾನೋದವರು ಬರುತ್ತಿದ್ದರಂತೆ. ಇದನ್ನು ಜನ ಮೆಚ್ಚಿಕೊಂಡು ಹೇಳುತ್ತಾರೆ. ನನಗೆ ಹೊಟ್ಟೆ ತೊಳಸಿತು. ಆಮೇಲೂ ಸಾವು ಅವನ ಮನೆ ಬಿಡಲಿಲ್ಲ. 1973ರಲ್ಲಿ ಬಹಳ ವರ್ಷ ಜೊತೆಗಿದ್ದ ಎಲೇನ್ ತಾನಾಗಿ ಜೀವ ಕಳೆದುಕೊಂಡಳು. 1979ರಲ್ಲಿ ಅಣ್ಣ ಹ್ಯಾರಿ ಕೂಡ. ಇವಾನ್ಸ್ 'ವಾಲ್ಟ್ಜ್ ಫಾರ್ ಡೆಬಿ' ಅನ್ನುವ ಟ್ಯೂನ್ ಕಟ್ಟಿದ್ದು ಈ ಅಣ್ಣನ ಪುಟ್ಟ ಮಗಳಿಗೆ. ಮರುವರ್ಷ ಸೆಪ್ಟೆಂಬರ್ 15ಕ್ಕೆ ಅವನೂ ಹೋದ. 51 ವರ್ಷ. ಲಿವರ್ ಹಾಳಾಗಿತ್ತು, ಹೊಟ್ಟೆಯಲ್ಲಿ ಹುಣ್ಣು. ಕೆಲವೇ ದಿನಗಳ ಹಿಂದಿನವರೆಗೂ ಕ್ಲಬ್ಬಿಗೆ ಹೋಗಿ ನುಡಿಸುತ್ತಿದ್ದ.

ಇಷ್ಟನ್ನೇ ಹೇಳಬೇಕು ಅಂತ ಕೂತದ್ದು. ಆದರೆ ಆ ಭಾನುವಾರದ ರೆಕಾರ್ಡಿಂಗಿನಲ್ಲಿ ಇನ್ನೊಂದಿದೆ. ಜನ. ಪಿಯಾನೋ ಮೆಲ್ಲಗಾದಾಗಲೆಲ್ಲ ಗ್ಲಾಸು ಟಿಣ್ ಅನ್ನುವುದು ಕೇಳುತ್ತದೆ. ಯಾರೋ ಮಾತಾಡುತ್ತಿರುತ್ತಾರೆ, ಯಾರೋ ನಗುತ್ತಾರೆ. ಮೊದಲೆರಡು ದಿನ ಅದು ಇಷ್ಟವಾಗುತ್ತಿತ್ತು, ನಾನೂ ಅಲ್ಲೇ ಕೂತ ಹಾಗೆ. ಮೂರನೇ ರಾತ್ರಿ ಹೆಡ್‌ಫೋನ್ ತೆಗೆದಿಟ್ಟು ಫೋನಿನಲ್ಲಿ ನಿನ್ನ ಕೊಳಲು ಹುಡುಕಿದೆ.

ತಂಗಿಯ ಆರತಕ್ಷತೆಯ ವಿಡಿಯೋ ಸಿಕ್ಕಿತು. ನಾಲ್ಕು ನಿಮಿಷದ್ದು. ನೀನು ಕಣ್ಣು ಮುಚ್ಚಿ ನುಡಿಸುತ್ತಿದ್ದೀಯ, ಹಿಂದೆ ಪ್ಲಾಸ್ಟಿಕ್ ಕುರ್ಚಿ ಎಳೆಯುವ ಸದ್ದು. ಎರಡನೇ ನಿಮಿಷದಲ್ಲಿ ನೀನು ಕೆಳಗಿನ ಸ್ವರಕ್ಕೆ ಇಳಿದು ಅಲ್ಲೇ ನಿಲ್ಲುತ್ತೀಯ, ಮೊದಲ ಸಲ ಹಾಲ್ ಸ್ವಲ್ಪ ತಣ್ಣಗಾಗುತ್ತದೆ. ಸರಿಯಾಗಿ ಆಗ ಒಂದು ದೊಡ್ಡ ದನಿ: "ಐಸ್‌ಕ್ರೀಮ್ ಎಷ್ಟು ಬಾಕ್ಸ್ ಬಂತು, ಎಣಿಸಿದ್ರಾ?"

ನನ್ನದೇ ದನಿ.

ಮದುವೆ ಮನೆಯ ಗಡಿಬಿಡಿ ಅಂತ ನೀನು ಬಿಟ್ಟಿರಬಹುದು. ಆದರೆ ವಿಡಿಯೋದಲ್ಲಿ ಇಲ್ಲದ್ದು ಒಂದಿದೆ, ಅದು ನನಗೊಬ್ಬನಿಗೇ ಗೊತ್ತು. ನುಡಿಸಿದ ಮೇಲೆ ನೀನು ಅಡುಗೆಯವರ ಪಾತ್ರೆಗಳ ಹತ್ತಿರ, ಮೊಣಕಾಲ ಮೇಲೆ ಕೊಳಲಿಟ್ಟುಕೊಂಡು ಕೂತಿದ್ದೆ. ಕಣ್ಣು ಒರೆಸಿಕೊಂಡೆ. ನಾನು ಬಾಗಿಲಲ್ಲೇ ಇದ್ದೆ, ನೋಡಿದೆ. ಅಷ್ಟರಲ್ಲಿ ಫೋಟೋಗೆ ಕರೆದರು, ಹೋಗಿಬಿಟ್ಟೆ. ಕರೆಯದಿದ್ದರೂ ಹೋಗುತ್ತಿದ್ದೆನೋ ಏನೋ. ನಿನ್ನ ಹತ್ತಿರ ಬಂದರೆ ಏನು ಕೇಳಬೇಕು ಅಂತ ಗೊತ್ತಿರಲಿಲ್ಲ, ಕೇಳಿದರೆ ನೀನು ಹೇಳಿಬಿಡುತ್ತೀಯ ಅಂತ ಭಯವೂ ಇತ್ತು. ಅದಾದ ಮೇಲೆ ನೀನು ಯಾರ ಮುಂದೆಯೂ ನುಡಿಸಿಲ್ಲ ಅಲ್ವಾ? ಮೂರು ವರ್ಷ. ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಕ್ರಿಕೆಟ್, ಅಡಿಕೆ ರೇಟು, ಎಲ್ಲ. ಇದನ್ನು ನಾನು ಒಂದು ಸಲವೂ ಕೇಳಲಿಲ್ಲ. ತಪ್ಪಾಯಿತು ಮಾರಾಯ.

ಇಷ್ಟು ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಇರಲಿ, ಅಳಿಸುವುದಿಲ್ಲ.

ಈ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಅಮ್ಮ ಹಲಸಿನ ಹಪ್ಪಳ ಎರಡು ಕಟ್ಟು ಕೊಟ್ಟಿದ್ದಾಳೆ, ಎರಡೂ ನಿನಗೇ ಅಂತೆ, ಲೆಕ್ಕ ಕೇಳುತ್ತಾಳಂತೆ. ಕೊಳಲು ಹೊರಗೆ ತೆಗೆಯಲೇಬೇಕು ಅಂತೇನಿಲ್ಲ, ಸುಮ್ನೆ ಜಗಲಿಯಲ್ಲಿ ಕೂರೋಣ. ಮಳೆ ಬಂದರೆ ಬಸ್ ಸ್ಟ್ಯಾಂಡಿಗೆ ಬಾ.

ಕೊಡೆ ತರಬೇಡ.

ನಿನ್ನವನು